ನೋಡಿ ಸುಡುವ ಕೋವಿ

ನೀವು ನಮ್ಮೂರಿಗೆ ಬಂದವರಲ್ಲ. ಬಂದಿದ್ದರೆ ನನ್ನ ಮಾತು ಕೇಳುವ ಮೊದಲೇ ನಿಮ್ಮ ಮುಖವನ್ನು ಯಾವುದಾದರೂ ಒಂದು ಕೋವಿಗೆ ತೋರಿಸಿ ಆಗಿರುತ್ತಿತ್ತು, ಆ ಕೋವಿ ನಿಮ್ಮನ್ನು ಒಪ್ಪಿರುತ್ತಿತ್ತು, ಆಮೇಲೆ ಮಜ್ಜಿಗೆ ಕುಡಿದು ಜಗಲಿಯಲ್ಲಿ ಕೂತಿರುತ್ತಿದ್ದಿರಿ. ಊರಿನ ಹೆಸರು ಕೇಳಬೇಡಿ. ಸುತ್ತಲಿನವರು ಕೋವಿಯೂರು ಅನ್ನುತ್ತಿದ್ದರು, ನಾವು ಬರೀ ಊರು ಅನ್ನುತ್ತಿದ್ದೆವು, ಅಷ್ಟಕ್ಕೇ ಕೆಲಸ ನಡೆಯುತ್ತಿತ್ತು.

ಆ ಊರಿನಲ್ಲಿ ಮನೆಗೊಂದು ಕೋವಿ. ಕೋವಿ ಗೋಡೆಯ ಮೇಲೆ, ಕೋವಿಯ ನಳಿಗೆ ಬಾಗಿಲಿನ ಕಡೆಗೆ. ಕದಕ್ಕೆ ಚಿಲಕವಿಲ್ಲ, ಬೀಗವಿಲ್ಲ, ಅಗುಳಿಯಿಲ್ಲ. ಕೋವಿಗೆ ಕೈ ಬೇಕಿಲ್ಲ, ಗುರಿ ಹೇಳಿಕೊಡುವವರು ಬೇಕಿಲ್ಲ. ತನಗೆ ತೋರಿಸದ ಮುಖ ಯಾವುದಾದರೂ ಹೊಸ್ತಿಲು ದಾಟಿತೋ, ಕೋವಿ ತಾನೇ ನೋಡುತ್ತದೆ, ತಾನೇ ಮದ್ದಿಗೆ ಬಡಿಯುವ ಕುದುರೆ ಎತ್ತುತ್ತದೆ, ತಾನೇ ಸುಡುತ್ತದೆ. ಇದು ಊರಿನ ಕಟ್ಟಳೆ. ಯಾರು ಕಟ್ಟಿದ್ದು ಅಂದರೆ ಯಾರಿಗೂ ಗೊತ್ತಿಲ್ಲ. ನಮ್ಮಜ್ಜನ ಅಜ್ಜ ಕೂಸಾಗಿದ್ದಾಗ ಅವನ ಮುಖವನ್ನು ಕೋವಿಗೆ ತೋರಿಸಿದ್ದರಂತೆ, ಅವನು ಕಿರುಚಿದ್ದಕ್ಕೆ ಕೋವಿಯೇ ಹೆದರಿ ನಳಿಗೆಯನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿತಂತೆ. ನಮ್ಮ ವಂಶದ ಗಂಟಲು ಅಂಥದು.

ಮುಖ ತೋರಿಸುವ ಶಾಸ್ತ್ರ ಬಹಳ ದೊಡ್ಡದಲ್ಲ. ಬಂದವರನ್ನು ಹೊಸ್ತಿಲ ಮೇಲೆ ನಿಲ್ಲಿಸಬೇಕು. ಮನೆಯವರೊಬ್ಬರು ಅವರ ಕೆನ್ನೆಯ ಮೇಲೆ ಅಂಗೈ ಇಡಬೇಕು. ಕೋವಿಯನ್ನು ನೋಡಿ 'ನಮ್ಮವರು' ಅನ್ನಬೇಕು. ಮದುವೆಯಾಗಿ ಬಂದ ಹೆಣ್ಣಿಗೆ ಹಾಗೆ, ಹುಟ್ಟಿದ ಮಗುವಿಗೆ ಹಾಗೆ, ಹಾಲು ತರುವವಳಿಗೆ ಹಾಗೆ, ನೆಂಟರಿಗೂ ಹಾಗೆಯೇ. ಮಕ್ಕಳ ಮುಖ ಬೆಳೆಯುತ್ತದಲ್ಲ, ಅದಕ್ಕೆ ಪ್ರತಿ ಯುಗಾದಿಗೂ ಬೇವುಬೆಲ್ಲ ತಿಂದ ಬಾಯಲ್ಲೇ ಇನ್ನೊಮ್ಮೆ ತೋರಿಸಬೇಕು. ಒಬ್ಬ ಭಕ್ತ ಬೆಟ್ಟಕ್ಕೆ ಹೋಗಿ ಮುಡಿ ಕೊಟ್ಟು ಬೋಳುತಲೆಯಲ್ಲಿ ಮನೆಗೆ ಬಂದ. "ನಾನೇ ಕಣೇ" ಅನ್ನುವಷ್ಟರಲ್ಲಿ ಕೋವಿ ಅವನ ಹೆಗಲ ಮೇಲಿನ ವಲ್ಲಿ ಸುಟ್ಟು ಹಾರಿಸಿತು. ಹೆಂಡತಿ ಬಂದು ಕೆನ್ನೆ ಮುಟ್ಟಿ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಅವಳು, "ಈ ಬೋಳುಮಂಡೆ ನಮ್ಮದಲ್ಲಪ್ಪ" ಅಂದಳು. ಕೂದಲು ಬೆಳೆಯುವವರೆಗೆ ಪಾಪ, ಕೊಟ್ಟಿಗೆಯಲ್ಲೇ ಉಂಡ.

ಇನ್ನು ನಾನು. ಊರಿಗೆಲ್ಲ ಕೋವಿ ಕೊಡುವ ಕೋವಿಮನೆಯಿಂದ ಆಯ್ದ ಕೋವಿಯನ್ನು ತಲೆಯ ಮೇಲೆ ಹೊತ್ತು ಮನೆಗೆ ಮುಟ್ಟಿಸುವ ಕೆಲಸ ನನ್ನದು, ಆಗಾಗ ಹೋಗಿ ಎಣ್ಣೆ ಹಚ್ಚುವ ಕೆಲಸವೂ ನನ್ನದು. ನಾನು ಹೊತ್ತ ಕೋವಿಗಳನ್ನು ಇವತ್ತಿನವರು ಅಲುಗಿಸಲೂ ಆರರು. ಒಂದು ಕೋವಿ ಎಷ್ಟು ಉದ್ದವಿತ್ತೆಂದರೆ ಅದರ ಹಿಡಿ ಕೋವಿಮನೆ ಬಿಡುವ ಮೊದಲೇ ನಳಿಗೆ ಆ ಮನೆಯ ಅಡುಗೆ ಕೋಣೆ ಸೇರಿ ಅನ್ನದ ವಾಸನೆ ನೋಡುತ್ತಿತ್ತು. ಊರಿನ ಎಲ್ಲ ಕೋವಿಗಳಿಗೂ ಗುರುತಿದ್ದ ಮುಖ ಒಂದೇ ಒಂದು, ಅದು ನನ್ನದು. ಅದಕ್ಕೇ ನಾನು ಈ ಮೀಸೆಯನ್ನು ಇವತ್ತಿನವರೆಗೂ ಬೋಳಿಸಿಲ್ಲ. ಬೋಳಿಸಿದ್ದರೆ ಊರಿಗೆ ಊರೇ ನನ್ನ ಮೇಲೆ ಸುಡುತ್ತಿತ್ತು.

ಈಗ ಕಥೆಗೆ ಬರುತ್ತೇನೆ. ನನ್ನ ಶೌರ್ಯ ಹೇಳಿ ಮುಗಿಯುವಂಥದಲ್ಲ, ಆದರೆ ಈ ಕಥೆ ಒಬ್ಬ ಹೆಣ್ಣಿನದು. ಅಂಥ ಹೆಣ್ಣನ್ನು ನಾನು ಮತ್ತೆ ಕಾಣಲಿಲ್ಲ.

ಊರಿನ ಕೊನೆಯ ಮನೆ. ಅದಾದ ಮೇಲೆ ಬಯಲು, ಬಯಲಾದ ಮೇಲೆ ಉಪ್ಪಿನ ದಾರಿ. ಆ ಮನೆಯಲ್ಲಿ ಇದ್ದವರು ಅತ್ತೆ, ಮಾವ, ಮಗ, ಸೊಸೆ. ಮಗ ಸಮುದ್ರದ ಉಪ್ಪು ತರುತ್ತೇನೆಂದು ಉಪ್ಪಿನ ದಾರಿ ಹಿಡಿದು ಹೋದ. ಹೋದವನು ಬರಲಿಲ್ಲ. ಹೊಲ ಹಸುರಾಯಿತು, ಒಣಗಿತು, ಹಸುರಾಯಿತು, ಒಣಗಿತು. ಹೋದವನು ಬರಲಿಲ್ಲ. ಹಾಗಿರುವಾಗ ಮಾವ ತೀರಿಕೊಂಡ.

ನಮ್ಮೂರಿನಲ್ಲಿ ಯಜಮಾನ ತೀರಿಕೊಂಡರೆ ಅವನ ಕೋವಿಯ ನೆನಪೂ ಅವನ ಜೊತೆಗೇ ಹೋಗುತ್ತದೆ. ಆ ಕೋವಿಯನ್ನು ಅವನ ಮಗ್ಗುಲಲ್ಲೇ ಮಣ್ಣು ಮಾಡುತ್ತಾರೆ. ಮನೆಗೆ ಹೊಸ ಕೋವಿ ಆಯ್ದು ತರಬೇಕು, ಇರುವವರ ಮುಖಗಳನ್ನೆಲ್ಲ ಹೊಸದಾಗಿ ತೋರಿಸಬೇಕು.

ನಿಮಗೆ ಆಗಲೇ ಹೊಳೆದಿರಬೇಕು. ಇರುವವರ ಮುಖ ತೋರಿಸಬಹುದು. ಇಲ್ಲದವನ ಮುಖ ತೋರಿಸುವುದು ಹೇಗೆ? ಹೋದವನು ಒಂದು ದಿನ ಬರುತ್ತಾನೆ. ಅಪ್ಪ ತೀರಿದ್ದು ಅವನಿಗೆ ಗೊತ್ತಿಲ್ಲ. ಅಪ್ಪನ ಕೋವಿ ತನ್ನ ಮುಖ ಬಲ್ಲದು ಎಂದುಕೊಂಡು, ಕೂಗದೆ, ನಿಲ್ಲದೆ, ಸೀದಾ ಕಾಲು ಒಳಗಿಡುತ್ತಾನೆ. ಗೋಡೆಯ ಮೇಲೆ ಹೊಸ ಕೋವಿ. ಆಮೇಲೆ?

ಹಾಗಾದರೆ ಅವನು ಬರುವ ತನಕ ಕೋವಿಯಿಲ್ಲದೆ ಇರಬಾರದೇ ಅನ್ನುತ್ತೀರಿ. ಇರಬಹುದಿತ್ತು, ಹೊಸ್ತಿಲುಗಳ್ಳ ಒಬ್ಬ ಇಲ್ಲದಿದ್ದರೆ.

ಈ ಹೊಸ್ತಿಲುಗಳ್ಳ ಬೇರೆ ಕಳ್ಳರ ಹಾಗಲ್ಲ. ಕತ್ತಲಲ್ಲಿ ಕದ್ದು ಬರುವಷ್ಟು ಬಡವನೂ ಅಲ್ಲ. ಹಾಡಹಗಲು, ಕೆಂಪು ಮುಂಡಾಸು ಸುತ್ತಿ, ಮೀಸೆ ತಿರುವಿಕೊಂಡು ಬೀದಿಯ ನಡುವೆ ಬರುತ್ತಿದ್ದ. ಕಣಜದ ಕಾಳು ಒಯ್ಯುತ್ತಿದ್ದ, ಹಿತ್ತಾಳೆ ಪಾತ್ರೆ ಒಯ್ಯುತ್ತಿದ್ದ, ಕೊನೆಗೆ ಹಾರೆಯಿಂದ ಹೊಸ್ತಿಲನ್ನೇ ಕಿತ್ತು ಹೆಗಲ ಮೇಲೆ ಇಟ್ಟುಕೊಂಡು ಹೋಗುತ್ತಿದ್ದ. ಕಾಳು ಮತ್ತೆ ಬೆಳೆಯಬಹುದು. ಹೊಸ್ತಿಲು ಹೋದ ಮನೆಯ ಗತಿ ಬೇರೆ. ಹೊಸ್ತಿಲಿಲ್ಲದ ಮನೆಗೆ ದೂರ ಹೋದವರ ಕಾಲು ತಿರುಗುವುದಿಲ್ಲ. ಆ ಮನೆಯ ಮುಂದೆಯೇ ಹಾದು ಹೋಗುತ್ತಾರೆ, ಯಾರದೋ ಗೋಡೆ ಎಂದುಕೊಳ್ಳುತ್ತಾರೆ, ಹೋಗಿಬಿಡುತ್ತಾರೆ. ಹಾಗೆ ಹೋದವರನ್ನು ನಾನೇ ಕಂಡಿದ್ದೇನೆ. ಒಳಗಿನಿಂದ ಹೆಂಡತಿ ಕೂಗುತ್ತಿದ್ದಳು, ಹೊರಗೆ ಗಂಡನಿಗೆ ಕಾಗೆ ಕೂಗಿದ ಹಾಗೆ ಕೇಳುತ್ತಿತ್ತು.

ಕೋವಿ ತಂದರೆ ಬರುವವನನ್ನು ಸುಡುತ್ತದೆ. ತರದಿದ್ದರೆ ಬರುವವನಿಗೆ ಮನೆಯೇ ಇರುವುದಿಲ್ಲ. ಕೊನೆಮನೆಯ ಸೊಸೆ ಇವೆರಡರ ನಡುವೆ ನಿಂತಿದ್ದಳು.

ಊರಿನವರು ಹೊಸ್ತಿಲುಗಳ್ಳನಿಗೆ ಹೆದರಿ ಏನು ಮಾಡುತ್ತಿದ್ದರು, ಅದನ್ನೂ ಕೇಳಿ. ಅವನದು ಒಂದೇ ಉಪಾಯ. ಮಡಕೆಗೆ ಸುಣ್ಣದಲ್ಲಿ ಕಣ್ಣು, ಮೂಗು, ಮೀಸೆ ಬರೆದು ಗಳದ ತುದಿಗೆ ಕಟ್ಟಿ ಹೊಸ್ತಿಲಿನಿಂದ ಒಳಗೆ ಚಾಚುತ್ತಿದ್ದ. ಕೋವಿ ಢಂ ಅನ್ನುತ್ತಿತ್ತು. ಮಡಕೆ ಚೂರಾಗುತ್ತಿತ್ತು. ಕೋವಿಯಲ್ಲಿ ಇರುವುದು ಒಂದೇ ಈಡು, ಮತ್ತೆ ಮದ್ದು ಗುಂಡು ತುಂಬಬೇಕಾದರೆ ಕೋವಿಮನೆಗೇ ಒಯ್ಯಬೇಕು. ಅವನು ನಗುತ್ತಾ ಒಳಗೆ ಕಾಲಿಡುತ್ತಿದ್ದ. ಮನೆ ಕಳೆದುಕೊಂಡವರು ಏನು ಹೇಳುತ್ತಿದ್ದರು ಗೊತ್ತೇ? "ನಮ್ಮ ಕೋವಿ ನಿಧಾನವಾಯಿತು. ಇನ್ನೂ ಚುರುಕಾಗಿದ್ದರೆ ಮಡಕೆಯ ಹಿಂದಿದ್ದವನಿಗೇ ತಗಲುತ್ತಿತ್ತು." ಅಕ್ಕಪಕ್ಕದವರೆಲ್ಲ ಓಡಿಹೋಗಿ ಇನ್ನೂ ಚುರುಕಾದ ಕೋವಿ ಆಯ್ದು ತರುತ್ತಿದ್ದರು. ಕೋವಿ ಚುರುಕಾದಷ್ಟೂ ಮಡಕೆ ಬೇಗ ಒಡೆಯುತ್ತಿತ್ತು, ಅಷ್ಟೇ. ಊರಿನಲ್ಲಿ ಖುಷಿಯಾಗಿದ್ದವನು ಕುಂಬಾರ ಒಬ್ಬನೇ.

ಸೊಸೆ ಕೋವಿಮನೆಗೆ ಬಂದದ್ದು ಒಂದು ಬೆಳಿಗ್ಗೆ. ಜೊತೆಗೆ ಅತ್ತೆ. ಅತ್ತೆ ಗಟ್ಟಿ ಹೆಂಗಸು, ಎಡಚಿ, ಬಾಯಿ ಒನಕೆಯ ಹಾಗೆ, ಎತ್ತಿದರೆ ಕುಟ್ಟಿಯೇ ಇಳಿಸಬೇಕು. ಕೋವಿಮನೆಯ ಯಜಮಾನ ಇಬ್ಬರಿಗೂ ಬೆಲ್ಲ ನೀರು ಕೊಟ್ಟು ಗೋಡೆ ತೋರಿಸಿದ. ಗೋಡೆಯ ತುಂಬ ಕೋವಿ. ಒಂಟಿ ನಳಿಗೆ, ಜೋಡಿ ನಳಿಗೆ, ಗಿಡ್ಡ ಕೋವಿ, ನೀಳ ಕೋವಿ, ಬೆಳ್ಳಿ ಕಟ್ಟಿನದು, ಎಮ್ಮೆಕೊಂಬಿನ ಹಿಡಿಯದು. ಎಲ್ಲ ಖಾಲಿ, ಎಲ್ಲ ಎಚ್ಚರ.

ಕೋವಿ ಆಯುವುದಕ್ಕೂ ಒಂದು ಕ್ರಮವಿತ್ತು. ಅಂಗಳದಲ್ಲಿ ಒಂದು ಸುಳ್ಳು ಹೊಸ್ತಿಲು ಹಾಕಿರುತ್ತಿದ್ದರು. ಆಯುವವರು ಅದನ್ನು ದಾಟಿ ಖಾಲಿ ಕೋವಿಯ ಎದುರು ನಿಲ್ಲಬೇಕು. ಕೋವಿ ಅವರನ್ನು ಕಂಡು, ಕುದುರೆ ಎತ್ತಿ, 'ಟಕ್' ಅಂತ ಇಳಿಸುತ್ತದೆ. ಬೇರೆಯವರ ಮೇಲೆ ಸುಡುವುದನ್ನು ಮನೆಗೆ ತರುವವರು ಮೊದಲು ತಾವು ಅದರ ಎದುರಿಗೆ ನಿಂತು ನೋಡಬೇಕು ಅಂತ. ಒಳ್ಳೆ ಕ್ರಮ. ಆದರೆ ಎಲ್ಲರೂ ಕಿವಿಯಲ್ಲಿ ಟಕ್ ಎಣಿಸುತ್ತಿದ್ದರೇ ಹೊರತು ಕಣ್ಣು ಬಿಡುತ್ತಿರಲಿಲ್ಲ.

"ಮಿಂಚಕ್ಕನ್ನ ಇಳಿಸಪ್ಪ" ಅಂದಳು ಅತ್ತೆ. ಮಿಂಚಕ್ಕ ಅಂದರೆ ಆಗ ಹೆಸರಾದ ಕೋವಿ. ಅದನ್ನು ಆ ಗೋಡೆಗೆ ಏರಿಸಿದವನು ನಾನೇ. ಕಳ್ಳನಾಗಬೇಕು ಅಂತ ಒಬ್ಬ ಇನ್ನೂ ಯೋಚಿಸುತ್ತಿದ್ದಾಗಲೇ ಅವನ ಟೋಪಿ ಹಾರಿಸಿದ ಕೋವಿ ಅದು.

ಸೊಸೆ ಸುಳ್ಳು ಹೊಸ್ತಿಲು ದಾಟಿದಳು. ಟಕ್. ಕಾಲು ನೆಲ ಮುಟ್ಟುವ ಮೊದಲೇ ಟಕ್.

"ಭೇಷ್!" ಅಂದಳು ಅತ್ತೆ.

ಸೊಸೆ ತಲೆಯಲ್ಲಾಡಿಸಿದಳು. ಇನ್ನೊಂದು ಕೋವಿ. ಟಕ್. ಮತ್ತೊಂದು. ಟಕ್. ಹೀಗೇ ಗೋಡೆಯುದ್ದಕ್ಕೂ ನಡೆದಳು. ದಾಟಿದಳು, ನಿಂತಳು, ಟಕ್. ದಾಟಿದಳು, ನಿಂತಳು, ಟಕ್. ಬಿಸಿಲು ಏರಿತು. ಯಜಮಾನನಿಗೆ ಬೇಜಾರಾಗಿ, "ಏನು ತಾಯಿ, ನಿನಗೆ ಎಂಥ ಕೋವಿ ಬೇಕು, ಬಾಯಿಬಿಟ್ಟು ಹೇಳಬಾರದೇ?" ಅಂದ.

"ಮೂಲೆಯಲ್ಲಿ ಮೊರದ ಹಿಂದೆ ಇದೆಯಲ್ಲ, ಅದು ಏನಣ್ಣ?"

"ಅದಾ? ಅದು ನಿಧಾನಿ. ಅದನ್ನ ಯಾರೂ ಒಯ್ಯಲ್ಲ ತಾಯಿ. ಇಲಿ ಓಡಿಸೋಕೂ ಆಗಲ್ಲ."

"ಒಂದು ಸಲ ಇಳಿಸಿ."

ನಿಧಾನಿಯನ್ನು ಇಳಿಸಿ ಗೂಟಕ್ಕೆ ತೂಗುಹಾಕಿದವನು ನಾನೇ. ಕರಿಮರದ ಹಿಡಿ, ಒಂಟಿ ನಳಿಗೆ, ಕುದುರೆಯ ಮೂತಿ ಸವೆದಿತ್ತು. ಸೊಸೆ ಸುಳ್ಳು ಹೊಸ್ತಿಲು ದಾಟಿದಳು. ನಿಂತಳು. ಕೋವಿ ನೋಡಿತು. ನಾವು ಕಾದೆವು. ಕೋವಿ ನೋಡಿತು. ಯಜಮಾನ ಎಲೆಗೆ ಸುಣ್ಣ ಹಚ್ಚಿದ, ಮಡಿಚಿದ, ಬಾಯಿಗಿಟ್ಟ, ಅಗಿದ, ಉಗಿದು ಬಂದ. ಕೋವಿ ಇನ್ನೂ ನೋಡುತ್ತಲೇ ಇತ್ತು. ಒಂದು ಸೇರು ರಾಗಿ ಬೀಸುವಷ್ಟು ಹೊತ್ತಾಯಿತು. ಆಮೇಲೆ ಕುದುರೆ, ಸೊಂಟನೋವಿನ ಅಜ್ಜಿ ನೆಲಕ್ಕೆ ಕೈಯೂರಿ ಏಳುವ ಹಾಗೆ, ಮೆಲ್ಲಗೆ ಎದ್ದಿತು. ಟಕ್.

ಅತ್ತೆ ನಕ್ಕ ನಗೆಗೆ ಗೋಡೆಯ ಮೇಲಿನ ಕೋವಿಗಳೆಲ್ಲ ಅಲ್ಲಾಡಿದವು. "ಅಷ್ಟರಲ್ಲಿ ಕಳ್ಳ ಉಂಡು, ಕೈ ತೊಳೆದು, ಎಲೆಯಡಿಕೆ ಹಾಕ್ಕೊಂಡು, 'ಬರ್ತೀನಮ್ಮ' ಅಂತ ಹೇಳಿ ಹೋಗಿರ್ತಾನೆ!"

ಸೊಸೆ ನಗಲಿಲ್ಲ. ಅವಳ ಕಣ್ಣಲ್ಲಿ ನೀರಿತ್ತು. "ಇದು ಬೇಕು" ಅಂದಳು.

"ಏನೇ, ತಲೆ ಕೆಟ್ಟಿದೆಯಾ?"

"ಅತ್ತೆ, ಮಿಕ್ಕವೆಲ್ಲ ನನಗೆ ಗುರಿಯಿಟ್ಟವು. ಇದು ನನ್ನನ್ನ ನೋಡ್ತು."

"ನೋಡೋಕೆ ಇದೇನು ಹೆಣ್ಣು ನೋಡೋಕೆ ಬಂದಿದೆಯಾ?"

"ಬರೋರಲ್ಲಿ ಒಬ್ಬರು ನಿಮ್ಮ ಮಗ, ಅತ್ತೆ."

ಅತ್ತೆ ಎದೆ ಸೆಟೆದು ಅಂದಳು: "ನನ್ನ ಮಗ ನನಗೆ ಗುರುತು ಸಿಗಲ್ವೇನೇ? ಹೆತ್ತಿದ್ದೀನಿ. ಅವನು ಬಯಲಿನ ಆ ತುದಿಯಲ್ಲಿ ಕಾಲಿಟ್ಟರೆ ಈ ತುದಿಯಲ್ಲಿ ನನ್ನ ಹೊಟ್ಟೆಗೆ ಗೊತ್ತಾಗುತ್ತೆ. ಓಡಿಹೋಗಿ ಕೆನ್ನೆ ಹಿಡ್ಕೊಂಡು ಕರ್ಕೊಂಡು ಬರ್ತೀನಿ. ಕೋವಿಗೂ ಅವನಿಗೂ ಏನು?"

"ನಿಮಗೆ ಗೊತ್ತಾಗದೆ ಹೋದ್ರೆ?"

"ನಾಲಿಗೆ ಬಿದ್ದುಹೋಗ! ಏ ಕೋವಿ ಹೊರೋನೆ, ನೀನಾದ್ರೂ ಬುದ್ಧಿ ಹೇಳೋ ಇವಳಿಗೆ."

ಅಂಥ ಇಬ್ಬರ ನಡುವೆ ಬಾಯಿ ಹಾಕುವ ಗಂಡಸು ಇನ್ನೂ ಹುಟ್ಟಿಲ್ಲ. ಹುಲಿಯ ಬಾಯಿಗೆ ಕೈ ಹಾಕಿ ಹಲ್ಲು ಎಣಿಸಿ ಬಂದವನು ನಾನು, ಆದರೂ ಹಾಕಲಿಲ್ಲ. ಹೊರೆಗೆ ಬಟ್ಟೆಯ ಸಿಂಬಿ ಸುತ್ತಿ ತಲೆಯ ಮೇಲಿಟ್ಟುಕೊಂಡು ನಿಂತೆ. ಆಯುವ ಹಕ್ಕು ಯಾರದು ಎಂದರೆ ಆ ಮನೆಯಲ್ಲಿ ಹೆಚ್ಚು ಕಾಲ ಬದುಕಬೇಕಾದವರದು, ಕಟ್ಟಳೆ ಹಾಗಿತ್ತು. ಸೊಸೆ ನಿಧಾನಿಯ ಹಿಡಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುಗಿಯಿತು.

ನಾನು ಹೊತ್ತು ತಂದೆ. ದಾರಿಯುದ್ದಕ್ಕೂ ಜನ ಜಗಲಿಯಲ್ಲಿ ನಿಂತು ನಕ್ಕರು. "ಕೊನೆಮನೆಗೆ ಮುದುಕಿ ಬಂದ್ಲು, ಸೋಬಾನೆ ಹಾಡ್ರೇ!" ಅಂದರು. "ಮದ್ದು ಬೇಡ, ಕಷಾಯ ಕುಡಿಸಿ!" ಅಂದರು. ಸೊಸೆ ಕೋವಿಯ ಹಿಂದೆ, ಮದುವೆ ಹೆಣ್ಣಿನ ಹಿಂದೆ ತಾಯಿ ಬರುವ ಹಾಗೆ, ತಲೆಯೆತ್ತಿ ನಡೆದು ಬಂದಳು. ಕೋವಿಮನೆಯಲ್ಲೇ ಈಡು ತುಂಬಿ ತಂದಿದ್ದೆ, ಗೋಡೆಗೆ ಏರಿಸಿದ್ದಾಯಿತು. ಸೊಸೆ ಅತ್ತೆಯ ಕೆನ್ನೆ ಮುಟ್ಟಿ 'ನಮ್ಮವರು' ಅಂದಳು. ಅತ್ತೆ ಸೊಸೆಯ ಕೆನ್ನೆ ಮುಟ್ಟಿ, ಹಲ್ಲು ಕಚ್ಚಿಕೊಂಡು, 'ನಮ್ಮವಳು' ಅಂದಳು. ನನ್ನ ಕೆನ್ನೆಯನ್ನೂ ಮುಟ್ಟಿದರು.

ಹೊಸ್ತಿಲುಗಳ್ಳನಿಗೆ ಸುದ್ದಿ ಹೋಗದೆ ಇರುತ್ತದೆಯೇ? ಬಂದ. ಜನ ಹೊಲಕ್ಕೆ ಹೋದ ಮಧ್ಯಾಹ್ನ, ಬೀದಿಯ ನಡುವೆ, ಒಂದು ಹೆಗಲಲ್ಲಿ ಗಳ, ಇನ್ನೊಂದು ಹೆಗಲಲ್ಲಿ ಹಾರೆ. ಅತ್ತೆ ಅವನನ್ನು ಕಂಡವಳೇ ಕಣಜದ ಹಿಂದೆ ಅವಿತಳು. ಸೊಸೆ ಬೀಸುಕಲ್ಲಿನ ಮುಂದೆ ಕೂತು ರಾಗಿ ಬೀಸುತ್ತಿದ್ದಳು, ಏಳಲಿಲ್ಲ.

ಗಳದ ತುದಿಯ ಮಡಕೆ ಹೊಸ್ತಿಲು ದಾಟಿ ಒಳಗೆ ಬಂತು. ಸುಣ್ಣದ ಕಣ್ಣು, ಸುಣ್ಣದ ಮೀಸೆ. ನಿಧಾನಿ ನೋಡಿತು. ಅವನು ಢಂ ಅನ್ನುವುದಕ್ಕೆ ಕಣ್ಣು ಮುಚ್ಚಿ ನಿಂತಿದ್ದ. ಢಂ ಇಲ್ಲ. ಮಡಕೆಯನ್ನು ಕುಣಿಸಿದ. ಢಂ ಇಲ್ಲ. ಬೀಸುಕಲ್ಲು ಗುರ್ ಗುರ್ ಅನ್ನುತ್ತಿತ್ತು. ಮಡಕೆಯನ್ನು ಅಷ್ಟು ಹೊತ್ತು ನೋಡಿದರೆ ಮಡಕೆ ಮಡಕೆಯಾಗಿಯೇ ಕಾಣುತ್ತದೆ, ಅಲ್ಲವೇ? ಅವನ ತೋಳು ಸೋತಿತು. ಏನಾಯಿತೆಂದು ಇಣುಕಿದ. ಇಣುಕಿದ್ದೇ ತಡ, ಅವನ ಸ್ವಂತ ಮುಖ ಹೊಸ್ತಿಲು ದಾಟಿತು. ನಿಧಾನಿ ಮಡಕೆಯನ್ನು ಬಿಟ್ಟು ಅವನನ್ನು ನೋಡತೊಡಗಿತು.

ಇಂಥದನ್ನು ಅವನು ಕಂಡಿರಲಿಲ್ಲ. ಕಾಲು ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಹೋಗಲಿಲ್ಲ. ಒಂದು ಸಲ ಮೀಸೆ ತಿರುವಿದ. ಕೋವಿ ನೋಡುತ್ತಿತ್ತು. ಮುಂಡಾಸು ಸರಿಮಾಡಿಕೊಂಡ. ಕೋವಿ ನೋಡುತ್ತಿತ್ತು. ಮುಂಡಾಸು ತೆಗೆದು ಅದರಲ್ಲೇ ಮುಖ ಒರೆಸಿಕೊಂಡ.

"ಏನು ನೋಡ್ತಿದೆ ಇದು?" ಅಂತ ಕೇಳಿದ.

"ನಿನ್ನನ್ನ" ಅಂದಳು ಸೊಸೆ, ಬೀಸುತ್ತಾ.

"ಯಾಕೆ?"

"ನೀನು ಯಾರು ಅಂತ."

"ಯಾರಾದ್ರೇನು? ಸುಡೋ ಹಾಗಿದ್ರೆ ಬೇಗ ಸುಡೋಕೆ ಹೇಳಮ್ಮ!"

"ಅದು ನನ್ನ ಮಾತು ಕೇಳಲ್ಲಪ್ಪ. ನೋಡಿಯೇ ಸುಡೋದು."

"ತಿರುಗಿಸಮ್ಮ ಅದನ್ನ. ಕೈ ಮುಗೀತೀನಿ. ನನ್ನನ್ನ ಇಷ್ಟು ಹೊತ್ತು ಯಾರೂ ನೋಡಿಲ್ಲ. ನಮ್ಮವ್ವನೂ ನೋಡಿಲ್ಲ."

ಕುದುರೆ ಏಳಲು ಕೈಯೂರಿತು. ಗಳ ಬಿತ್ತು, ಮಡಕೆ ಒಡೆಯಿತು, ಹಾರೆ ಬಿತ್ತು, ಅವನು ಹಿಂದುಹಿಂದಕ್ಕೆ ಹೋಗಿ ಅಂಗಳದಲ್ಲಿ ಮಂಡಿಯೂರಿ ಬಿದ್ದು, ಎದ್ದು, ಬಯಲು ಹಿಡಿದು ಓಡಿದ. ಕೈಯಲ್ಲಿದ್ದ ಕೆಂಪು ಮುಂಡಾಸು ತುಂಬ ದೂರದವರೆಗೆ ಬಿಚ್ಚಿಕೊಂಡೇ ಹೋಯಿತು. ಎಲ್ಲಿಗೆ ಹೋದ, ಏನಾದ ಅಂತ ಜನ ಬಾಯಿಗೆ ಬಂದ ಹಾಗೆ ಹೇಳುತ್ತಾರೆ. ಕಾಣದ್ದನ್ನು ನಾನು ಹೇಳುವವನಲ್ಲ.

ಆಮೇಲೆ ಊರು ಊರೇ ಕೋವಿಮನೆಗೆ ನುಗ್ಗಿತು. "ನಮಗೂ ನಿಧಾನಿ ಕೊಡು" ಅಂದರು. "ಅದಕ್ಕಿಂತ ನಿಧಾನದ್ದು ಕೊಡು, ಈ ಯುಗಾದಿಗೆ ನೋಡಿದ್ರೆ ಮುಂದಿನ ಯುಗಾದಿಗೆ ಸುಡೋ ಅಂಥದು" ಅಂದರು. ಯಜಮಾನ ಮಿಂಚಕ್ಕನನ್ನು ಮೊರದ ಹಿಂದೆ ಇಟ್ಟ. ಊರಿಗೆಲ್ಲ ಕೊನೆಮನೆಯ ಸೊಸೆಯದೇ ಮಾತು. ಅತ್ತೆಯೊಬ್ಬಳು ಮಾತ್ರ ಒಪ್ಪಲಿಲ್ಲ. "ಓಡಿಸ್ತು, ಸರಿ. ಕೊಂದಿತಾ? ಕೊಲ್ಲದ ಕೋವಿ ಎಂಥ ಕೋವಿ? ಅವನು ಇವತ್ತು ಹೋದ, ನಾಳೆ ವೇಷ ಬದಲಾಯಿಸಿಕೊಂಡು ಬರ್ತಾನೆ" ಅಂತ ಬಾಗಿಲು ಕಾಯುತ್ತಾ ಕೂರುತ್ತಿದ್ದಳು. ಕೈಗೆ ಸಿಗುವ ಹಾಗೆ ಸೌಟು, ಮೊರ, ಒಡೆದ ಓಡಿನ ಚೂರು, ಎಲ್ಲ ಗುಡ್ಡೆ ಹಾಕಿಕೊಂಡಿದ್ದಳು. ಕಾಯುತ್ತಿದ್ದದ್ದು ಮಗನನ್ನೋ ಕಳ್ಳನನ್ನೋ ಅವಳಿಗೇ ಗೊತ್ತಿರಲಿಲ್ಲ.

ನಾನು ನಿಧಾನಿಗೆ ಎಣ್ಣೆ ಹಚ್ಚಲು ಹೋದ ದಿನ. ದನ ಮನೆಗೆ ಬರುವ ಹೊತ್ತು, ಬಯಲೆಲ್ಲ ಕೆಂಧೂಳಿ. ಎಣ್ಣೆ ಹಚ್ಚಿ ಮುಗಿಸಿ ಪಕ್ಕಕ್ಕೆ ಸರಿದಿದ್ದೆ. ಬಾಗಿಲಿಗೆ ಒಂದು ನೆರಳು ಬಂತು. ಕೂಗಲಿಲ್ಲ, ಕೆಮ್ಮಲಿಲ್ಲ, ಕಾಲು ಒಳಗಿಟ್ಟೇಬಿಟ್ಟಿತು.

ಎದೆಯವರೆಗೆ ಗಡ್ಡ. ಉಪ್ಪುಗಾಳಿ ತಿಂದ ಮುಖ, ಒಂದು ಕಾಲು ಎಳೆಯುವ ನಡಿಗೆ, ಮೈಯಲ್ಲಿ ಮೂಳೆ ಬಿಟ್ಟರೆ ಬೇರೆ ಇಲ್ಲ. ಒಳಗೆ ಬಂದವನು ಗೋಡೆಯ ಕಡೆ ನೋಡಿದ. ನೋಡಿದವನು ಅಲ್ಲೇ ಕಂಬವಾದ. ಬಾಯಿ ತೆರೆದ, ಮಾತು ಬರಲಿಲ್ಲ. ನಿಧಾನಿ ಅವನನ್ನು ನೋಡತೊಡಗಿತು.

"ಬಂದ! ವೇಷ ಹಾಕ್ಕೊಂಡು ಬಂದ!" ಅತ್ತೆ ಚೀರಿದಳು. "ಸುಡೇ! ಸುಡೇ ನಿಧಾನಿ! ಅದೇನು ಪಿಳಿಪಿಳಿ ನೋಡ್ತೀಯ, ನಿನ್ನ ಕಣ್ಣು ಇಂಗಿಹೋಗ! ಸುಟ್ಟು ಹಾಕೇ ಅವನನ್ನ!"

ಸೊಸೆ ಅಡುಗೆ ಕೋಣೆಯಿಂದ ಬಂದಳು. ಹಿಟ್ಟಿನ ಕೈ. ಗುರುತು ಹತ್ತಲಿಲ್ಲ ಅವಳಿಗೂ, ಸುಳ್ಳು ಯಾಕೆ ಹೇಳಲಿ? ಆದರೆ ಅವಳು ಚೀರಲಿಲ್ಲ. ಕೋವಿ ಎಷ್ಟು ಹೊತ್ತು ನೋಡಿತೋ ಅಷ್ಟು ಹೊತ್ತು ಅವಳೂ ನೋಡಿದಳು. ಕೋವಿಯ ಜೊತೆ ಜೊತೆಗೇ ನೋಡಿದಳು. ಹಣೆ ನೋಡಿದಳು, ಗಡ್ಡದ ಒಳಗಿನ ಬಾಯಿ ನೋಡಿದಳು, ಬೆರಳು ನೋಡಿದಳು.

ಅತ್ತೆ ಕೈಗೆ ಸಿಕ್ಕಿದ ಸೌಟು ಎತ್ತಿ ಎಡಗೈಯಲ್ಲಿ ಬೀಸಿ ಒಗೆದಳು.

ಬಂದವನು ತಪ್ಪಿಸಿಕೊಂಡು ಓಡಲಿಲ್ಲ. ಬಲ ಮೊಣಕೈ ಎತ್ತಿ ಬಲಗಿವಿಗೆ ಅಡ್ಡ ಹಿಡಿದು, ಒಂದು ಹೆಗಲು ತಗ್ಗಿಸಿ, ಅರ್ಧ ಮೈ ತಿರುಗಿಸಿದ. ಸೌಟು ಮೊಣಕೈಗೆ ತಾಗಿ ಬಿತ್ತು. ಎಡಗೈಯಿಂದ ಬರುವ ಏಟಿಗೆ, ಅದು ಬರುವ ಮೊದಲೇ, ಹಾಗೆ ಮೈ ತಿರುಗಿಸಲು ಆ ಕೈಯಲ್ಲೇ ಏಟು ತಿಂದು ಬೆಳೆದಿರಬೇಕು.

ಅತ್ತೆಯ ಇನ್ನೊಂದು ಏಟು ಮೇಲೆತ್ತಿದ ಕೈಯಲ್ಲೇ ನಿಂತುಹೋಯಿತು. ಓಡಿನ ಚೂರು ಕೈಯಿಂದ ಜಾರಿತು. ಬಾಯಿ 'ಸು' ಅನ್ನುವಲ್ಲಿಗೇ ನಿಂತಿತ್ತು. ಈಗ ಅವಳು ಓಡಿಹೋಗಿ ಕೆನ್ನೆ ಮುಟ್ಟಬೇಕು, ಒಂದೇ ಒಂದು ಮಾತು ಹೇಳಬೇಕು. ಕಾಲು ಏಳಲಿಲ್ಲ.

ಗೋಡೆಯ ಮೇಲೆ ಕುದುರೆ ಕೈಯೂರಿತು. ಮೆಲ್ಲಗೆ ಏಳತೊಡಗಿತು.

ನಾನು ಕಣ್ಣು ಮುಚ್ಚಿದೆ. ಸಿಡಿಲನ್ನು ಕಣ್ಣು ಬಿಟ್ಟು ನೋಡಿದವನು ನಾನು, ಅವತ್ತು ಮುಚ್ಚಿದೆ. ಢಂ ಕೇಳಲಿಲ್ಲ. ಸೊಸೆಯ ದನಿ ಕೇಳಿತು.

"ನಮ್ಮವರು."

ಕಣ್ಣು ಬಿಟ್ಟೆ. ಅವಳ ಹಿಟ್ಟಿನ ಅಂಗೈ ಅವನ ಕೆನ್ನೆಯ ಮೇಲಿತ್ತು. ಗಡ್ಡಕ್ಕೆಲ್ಲ ಹಿಟ್ಟು ಮೆತ್ತಿತ್ತು. ಕುದುರೆ ಎದ್ದಷ್ಟೇ ಮೆಲ್ಲಗೆ ಮತ್ತೆ ಕೂತುಕೊಂಡಿತು.

ಅವನಿಗೆ ಮಾತು ಯಾಕೆ ಬರಲಿಲ್ಲ ಅಂತ ನಿಮಗೆ ಹೇಳಬೇಕು. ಅವನು ಮನೆಗೆ ಬಂದೆ ಎಂದುಕೊಂಡು ಕಾಲಿಟ್ಟ. ಗೋಡೆ ನೋಡಿದ. ಅಪ್ಪನ ಕೋವಿ ಇರಲಿಲ್ಲ. ನಮ್ಮೂರಿನವನಿಗೆ ಅಷ್ಟು ಸಾಕು, ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಬಾಗಿಲಲ್ಲಿ ನಿಂತೇ ಅವನು ಅಪ್ಪನನ್ನು ಕಳೆದುಕೊಂಡಿದ್ದ. ಆ ದುಃಖದಲ್ಲಿ ತನ್ನ ಮೇಲೆ ತಿರುಗಿದ ನಳಿಗೆಯೂ ಅವನಿಗೆ ಕಂಡಿರಲಿಲ್ಲ. ಮಿಂಚಕ್ಕ ಆ ಗೋಡೆಯ ಮೇಲೆ ಇದ್ದಿದ್ದರೆ ಅವನಿಗೆ ಅಳಲೂ ಬಿಡುವಿರುತ್ತಿರಲಿಲ್ಲ. ಯೋಚನೆ ಮಾಡಿ. ಊರಿನ ಗಂಡಸರೆಲ್ಲ ಸೇರಿ ಕೋವಿ ಎಷ್ಟು ಬೇಗ ಸುಡುತ್ತದೆ ಅಂತ ಕೇಳುತ್ತಿದ್ದಾಗ, ಅದು ಎಷ್ಟು ಹೊತ್ತು ಸುಡದೆ ಇರಬಲ್ಲದು ಅಂತ ಕೇಳಿದವಳು ಅವಳೊಬ್ಬಳೇ. ಅವಳ ಹೆಸರು ಬಂದರೆ ನಾನು ಇವತ್ತಿಗೂ ತಲೆಯ ಸಿಂಬಿ ತೆಗೆದು ಕಂಕುಳಲ್ಲಿ ಇಟ್ಟುಕೊಳ್ಳುತ್ತೇನೆ. ರಾಜರ ಮುಂದೆಯೂ ತೆಗೆಯದ ಸಿಂಬಿ ಅದು.

ಗಂಡ ಹೆಂಡತಿ ಅಲ್ಲೇ ನಿಂತಿದ್ದರು. ಅತ್ತೆ ಕಾಣಲಿಲ್ಲ. 'ಅವ್ವ' ಅಂತ ಅವನು ಕರೆದ. ನೋಡಿದರೆ ಅವಳು ಹಿತ್ತಲಿನಿಂದ ಇಳಿದು, ಗೋಡೆ ಹಿಡಿದುಕೊಂಡು ಮನೆಯನ್ನೆಲ್ಲ ಬಳಸಿ, ಮುಂಬಾಗಿಲ ಹೊರಗೆ ಬಂದು ನಿಂತಿದ್ದಳು. ಪರವೂರಿನ ನೆಂಟರ ಹಾಗೆ, ಹೊಸ್ತಿಲ ಆಚೆ.

"ಒಳಗೆ ಬನ್ನಿ ಅತ್ತೆ" ಅಂದಳು ಸೊಸೆ.

"ಹ್ಯಾಗೆ ಬರ್ಲೇ? ಆ ಕೋವಿಗೆ ನಾನು ಯಾರು ಅಂತ ಅನುಮಾನ ಬಂದಿರುತ್ತೆ." ದನಿ ಬತ್ತಿದ ಬಾವಿಯ ಹಾಗಿತ್ತು. "ಇನ್ನೊಂದು ಸಲ ತೋರಿಸು ನನ್ನ. ನೀನು ಒಪ್ಪೋದಾದ್ರೆ."

ಸೊಸೆ ಹೋದಳು. ಅವತ್ತು ಅತ್ತೆ ಹಲ್ಲು ಕಚ್ಚಿಕೊಂಡು ಹೇಳಿದ್ದ ಮಾತನ್ನು ಅವಳು ಹಲ್ಲು ಕಚ್ಚದೆ ಹೇಳಿದಳು. ಅತ್ತೆಯ ಎರಡೂ ಕೆನ್ನೆ ಹಿಡಿದು ಹೇಳಿದಳು. ಅತ್ತೆ ಒಳಗೆ ಬಂದಳು. ಬಂದವಳು ಮಗನ ಎದುರು ನೆಲಕ್ಕೆ ಕೂತಳು, ಅವನ ಕೈ ಹಿಡಿದು ಎಳೆದು ಕೂರಿಸಿಕೊಂಡಳು, ಗಡ್ಡವನ್ನು ಎರಡು ಕಡೆಗೂ ಸರಿಸಿದಳು. ನೋಡಿದಳು. ಹೊರಗೆ ದನ ಕೊಟ್ಟಿಗೆಗೆ ಬಂದು ನಿಂತವು, ಕಟ್ಟುವವರಿಲ್ಲ. ಒಲೆಯ ಮೇಲೆ ಎಸರು ಕುದಿದು ಇಂಗಿತು, ಹಿಟ್ಟು ಹಾಕುವವರಿಲ್ಲ. ಅವಳು ನೋಡುತ್ತಲೇ ಇದ್ದಳು.

"ಅವ್ವ, ಹಸಿವಾಗ್ತಿದೆ" ಅಂದ ಮಗ.

"ಸುಮ್ಮನಿರೋ" ಅಂದಳು. "ನನಗಿನ್ನೂ ನೋಡಿ ಆಗಿಲ್ಲ."